ಗುಜರಿ ದುಡ್ಡಲ್ಲಿ ಬಂದ ಸ್ಟೀಲ್ ಲೋಟಗಳು

ಶಾಲೆಗೆ ಏನಾದರೂ ಬೇಕು ಅಂದಾಗ ನಮ್ಮಲ್ಲಿ ಮೊದಲು ಹೊರಗೆ ಬರುವುದು ರಸೀದಿ ಪುಸ್ತಕ. ಅದನ್ನು ಮಕ್ಕಳ ಕೈಗೆ ಕೊಟ್ಟು ಊರ ಮೇಲೆ ಬಿಡುವುದು ನನಗೆ ಎಂದೂ ಹಿಡಿಸಿಲ್ಲ. ಕೊಡುವವರು ಪ್ರತಿ ಸಲ ಅದೇ ನಾಲ್ಕು ಮನೆಯವರು. ಮಕ್ಕಳು ಕಲಿಯುವುದು ಕೈ ಚಾಚುವುದನ್ನು ಮಾತ್ರ.

ನಾನು ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ ಸರ್ಕಾರಿ ಶಾಲೆ ಮೇಷ್ಟ್ರು. ನಮ್ಮ ಇಕೋ ಕ್ಲಬ್ ಮೊದಲಿಂದಲೂ ದಾಖಲೆಯಲ್ಲಿ ಇತ್ತು. ಜೂನ್ 5ಕ್ಕೆ ಒಂದು ಸಸಿ ನೆಟ್ಟು ಫೋಟೋ ತೆಗೆದರೆ ಅದರ ವರ್ಷದ ಕೆಲಸ ಮುಗಿಯುತ್ತಿತ್ತು. ಆ ಕ್ಲಬ್ಬಿಗೆ ಒಂದು ಗುಜರಿ ವ್ಯವಹಾರ ಅಂಟಿಸಿದ ಕಥೆ ಇದು.

ಮಕ್ಕಳಿಗೆ ಹೇಳುವ ಮೊದಲು ನಾನು ಹೋಗಿದ್ದು ಗುಜರಿ ಅಂಗಡಿಗೆ. ಪರಿಸರದ ಬಗ್ಗೆ ಭಾಷಣ ಮಾಡುವವರು ಸಾಕಷ್ಟು ಜನ ಇದ್ದಾರೆ. ಯಾವ ಕಸಕ್ಕೆ ಬೆಲೆ ಇದೆ, ಯಾವುದಕ್ಕೆ ಇಲ್ಲ ಅಂತ ನಿಜವಾಗಿ ಗೊತ್ತಿರುವುದು ಗುಜರಿಯವರಿಗೇ. ಅಂಗಡಿಯವರು ಒಂದೊಂದೇ ಎತ್ತಿ ತೋರಿಸಿದರು. ನ್ಯೂಸ್‌ಪೇಪರ್ ಮಡಿಕೆ ಕೆಡದೆ ಇದ್ದರೆ ಒಂದು ರೇಟು, ಬರೆದ ನೋಟ್‌ಬುಕ್‌ಗೆ ಅದಕ್ಕಿಂತ ಕಡಿಮೆ, ರಟ್ಟಿಗೆ ಇನ್ನೊಂದು. ಎಲ್ಲಾ ಕಲಸಿ ಚೀಲಕ್ಕೆ ತುಂಬಿ ತಂದರೆ ಎಲ್ಲಕ್ಕೂ ಕಡಿಮೆ ರೇಟೇ. ನೀರು ತಾಕಿದ ಪೇಪರ್ ತಂದರೆ ತೂಕದಲ್ಲಿ ಮುರಿದುಕೊಳ್ಳುತ್ತಾರೆ. ಚಿಪ್ಸ್ ಪ್ಯಾಕೆಟ್ ಬೇಡವೇ ಬೇಡ. ಒಳಗೆ ಬೆಳ್ಳಿ ಬಣ್ಣ, ಹೊರಗೆ ಪ್ಲಾಸ್ಟಿಕ್, ಪದರ ಪದರ ಅಂಟಿರುವ ಅದನ್ನು ಬಿಡಿಸಿ ಕರಗಿಸೋಕೆ ಆಗಲ್ಲ. ಪೇಪರ್ ಕಪ್ ಕೂಡ ಬೇಡ ಅಂದರು. ಹೆಸರಿಗೆ ಪೇಪರ್, ಒಳಗೆ ಪ್ಲಾಸ್ಟಿಕ್ ಲೇಪ. ಈ ಪೇಪರ್ ಕಪ್ಪಿನ ಮಾತು ನನ್ನ ತಲೆಯಲ್ಲಿ ಉಳಿಯಿತು.

ಮನೆಯ ಗುಜರಿ ತಂದು ವಿಂಗಡಿಸಿ ಮಾರೋಣ ಅಂತ ತರಗತಿಯಲ್ಲಿ ಹೇಳಿದ ಮಾರನೇ ದಿನವೇ ಒಬ್ಬ ತಾಯಿ ಬಂದು ಕೇಳಿದರು, ‘ನಮ್ಮ ಹುಡುಗನ್ನ ಚಿಂದಿ ಆಯೋಕೆ ಹಾಕ್ತಿದ್ದೀರಂತೆ, ಹೌದಾ ಮೇಷ್ಟ್ರೇ?’ ಕೇಳಿದ್ದು ತಪ್ಪಲ್ಲ. ನಮ್ಮ ಸಮಾಜದಲ್ಲಿ ಕಸ ಮುಟ್ಟುವ ಕೆಲಸ ಯಾರ ತಲೆಗೆ ಕಟ್ಟಿದ್ದೇವೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಕೆಲವು ಕಟ್ಟುನಿಟ್ಟು ಮೊದಲೇ ಮಾಡಿಕೊಂಡಿದ್ದೆ. ಬೀದಿಯಿಂದ ಏನೂ ಎತ್ತುವಂತಿಲ್ಲ. ತರುವುದು ಅವರವರ ಮನೆಯದ್ದು, ಅದೂ ತೊಳೆದು ಒಣಗಿಸಿದ್ದು. ಗಾಜಿನ ಚೂರು, ಬ್ಯಾಟರಿ, ಟ್ಯೂಬ್‌ಲೈಟ್, ಔಷಧಿ ಸ್ಟ್ರಿಪ್ ಬೇಡ. ವಿಂಗಡಿಸುವ ಸರದಿ ಎಲ್ಲರಿಗೂ ಬರಬೇಕು, ನನಗೂ. ಆ ತಾಯಿ ಪೂರ್ತಿ ಒಪ್ಪಿ ಹೋದರು ಅಂತ ಹೇಳಲಾರೆ. ಆದರೆ ಮುಂದಿನ ಶನಿವಾರ ಅವರ ಮಗನ ಕೈಯಲ್ಲಿ ಹಾಲಿನ ಪ್ಯಾಕೆಟ್‌ಗಳ ಕಟ್ಟು ಇತ್ತು.

ಈ ಹಾಲಿನ ಪ್ಯಾಕೆಟ್ ಬಗ್ಗೆ ಸ್ವಲ್ಪ ಹೇಳಲೇಬೇಕು. ನಂದಿನಿ ಪ್ಯಾಕೆಟ್ ಒಳ್ಳೆ ಮೆತ್ತನೆ ಪ್ಲಾಸ್ಟಿಕ್, ಗುಜರಿಯಲ್ಲಿ ಅದಕ್ಕೆ ಬೇಡಿಕೆ ಇದೆ. ತೊಂದರೆ ಇರುವುದು ನಾವು ಕತ್ತರಿಸುವ ರೀತಿಯಲ್ಲಿ. ಮೂಲೆಯನ್ನು ಪೂರ್ತಿ ಕತ್ತರಿಸಿ ಹಾಕಿದರೆ ಆ ಉಗುರಿನಷ್ಟು ತುಂಡು ಬಚ್ಚಲಿಗೋ ಚರಂಡಿಗೋ ಹೋಗುತ್ತದೆ. ಅದನ್ನು ಮತ್ತೆ ಯಾರೂ ಹೆಕ್ಕಲ್ಲ. ಮೂಲೆಗೆ ಒಂದು ಸೀಳು ಹಾಕಿ ತುಂಡು ಅಲ್ಲೇ ನೇತಾಡುವ ಹಾಗೆ ಬಿಟ್ಟರೆ ಸಾಕು, ಹಾಲು ಆರಾಮಾಗಿ ಬಗ್ಗಿಸಬಹುದು. ಆಮೇಲೆ ಒಂದು ಲೋಟ ನೀರು ಹಾಕಿ ಕುಲುಕಬೇಕು. ಆ ನೀರು ಗಿಡಕ್ಕೆ. ಪ್ಯಾಕೆಟ್ ಬಟ್ಟೆ ಒಣಗಿಸುವ ದಾರಕ್ಕೆ. ತೊಳೆಯದೆ ತಂದರೆ ಏನಾಗುತ್ತದೆ ಅಂತ ನಾನು ವಿವರಿಸುವ ಅಗತ್ಯವೇ ಬರಲಿಲ್ಲ, ಒಂದು ಚೀಲದ ವಾಸನೆಯೇ ಇಡೀ ತರಗತಿಗೆ ಪಾಠ ಮಾಡಿತು. ಆರನೇ ತರಗತಿಯ ಒಬ್ಬಳು ಮನೆಯಲ್ಲಿ ಅಜ್ಜಿಗೇ ಸೀಳು ಹಾಕುವುದನ್ನು ಕಲಿಸಿದಳಂತೆ. ಅಜ್ಜಿ ಈಗ ಪಕ್ಕದ ಮನೆಯವರಿಗೆ ಬೈತಾರೆ.

ಜಾಸ್ತಿ ಬಾಟಲಿ ತಂದವರಿಗೆ ಬಹುಮಾನ ಇಡೋಣ ಅಂತ ಒಬ್ಬ ಸಹೋದ್ಯೋಗಿ ಸಲಹೆ ಕೊಟ್ಟರು. ನಾನು ಬಿಲ್‌ಕುಲ್ ಬೇಡ ಅಂದೆ. ಬಾಟಲಿಗೆ ಬಹುಮಾನ ಇಟ್ಟರೆ ಮಕ್ಕಳು ಕೂಲ್‌ಡ್ರಿಂಕ್ಸ್ ಕುಡಿದಾದರೂ ಬಾಟಲಿ ತರುತ್ತಾರೆ, ಅಲ್ವಾ? ಅಂಗಡಿ ಇರುವ ಮನೆಯ ಹುಡುಗ ಗೆಲ್ಲುತ್ತಾನೆ, ಕೂಲಿ ಮಾಡುವವರ ಮನೆಯ ಹುಡುಗಿ ಬರಿಗೈಯಲ್ಲಿ ನಿಲ್ಲುತ್ತಾಳೆ. ಮನೆಯಲ್ಲಿ ಕಸ ಕಡಿಮೆ ಇದ್ದರೆ ಅದು ಒಳ್ಳೆಯದೇ ತಾನೆ. ಹಾಗಾಗಿ ಯಾರು ಎಷ್ಟು ತಂದರು ಅಂತ ನಮ್ಮಲ್ಲಿ ಬರೆಯುವುದಿಲ್ಲ. ಶಾಲೆಯ ಒಟ್ಟು ತೂಕ ಮಾತ್ರ ಬೋರ್ಡಿಗೆ ಹೋಗುತ್ತದೆ.

ತೂಕ ಮಕ್ಕಳದೇ ಕೆಲಸ. ಮೊದಲು ಶಾಲೆಯ ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳುತ್ತಾರೆ, ಅಂಗಡಿಯಲ್ಲಿ ಮತ್ತೆ ನೋಡುತ್ತಾರೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸಬೇಕು ಅಂತ ಹೇಳಿಕೊಟ್ಟಿದ್ದೆ. ಅವತ್ತಿಂದ ನಮ್ಮ ಹುಡುಗರು ಯಾವ ಅಂಗಡಿಗೆ ಹೋದರೂ ಬಗ್ಗಿ ಮುದ್ರೆ ಹುಡುಕುತ್ತಾರೆ. ದಿನಸಿ ಅಂಗಡಿಯವರಿಗೆ ನನ್ನ ಮೇಲೆ ಸ್ವಲ್ಪ ಮುನಿಸಿದೆ.

ಎಲ್ಲಕ್ಕಿಂತ ಒಳ್ಳೆ ಫಸಲು ಸಿಗುವುದು ಪರೀಕ್ಷೆ ಮುಗಿದ ಮೇಲೆ. ನೋಟ್‌ಬುಕ್ಕುಗಳು ರಾಶಿ ಬೀಳುತ್ತವೆ. ನಾವು ಅದನ್ನು ನೇರ ತಕ್ಕಡಿಗೆ ಹಾಕುವುದಿಲ್ಲ. ಪ್ರತಿ ಪುಸ್ತಕದ ಕೊನೆಯಲ್ಲಿ ಖಾಲಿ ಹಾಳೆ ಇದ್ದೇ ಇರುತ್ತವೆ. ಪಿನ್ ಬಿಚ್ಚಿ ಅವನ್ನು ಬೇರೆ ಮಾಡುತ್ತೇವೆ. ಒಂದೇ ಅಳತೆಯವನ್ನು ಜೋಡಿಸಿ, ಹಳೇ ಕ್ಯಾಲೆಂಡರಿನ ರಟ್ಟು ಇಟ್ಟು, ದಬ್ಬಳದಿಂದ ತೂತು ಹಾಕಿ ಗಟ್ಟಿ ದಾರದಲ್ಲಿ ಹೊಲಿಯುತ್ತೇವೆ. ದಬ್ಬಳ ಏಳನೇ ತರಗತಿಯವರ ಕೈಗೆ ಮಾತ್ರ, ಪಕ್ಕದಲ್ಲಿ ಒಬ್ಬ ದೊಡ್ಡವರು ಇರಬೇಕು. ಈ ರಫ್ ಪುಸ್ತಕಗಳು ಮಕ್ಕಳ ಸಂತೆಯಲ್ಲಿ ಸೊಪ್ಪು, ನಿಂಬೆಹಣ್ಣಿನ ಜೊತೆ ಮಾರಾಟಕ್ಕೆ ಬರುತ್ತವೆ. ಖಾಲಿ ಹಾಳೆಯನ್ನು ರದ್ದಿಗೆ ಹಾಕಿದರೆ ಸಿಗುವುದಕ್ಕಿಂತ ಎಷ್ಟೋ ಜಾಸ್ತಿ ಇದರಲ್ಲಿ ಬರುತ್ತದೆ. ಪೇಪರ್ ಕವರ್ ಕೂಡ ಮೈದಾ ಅಂಟಿನಲ್ಲಿ ಮಾಡಿದೆವು. ಅವು ಮೆಡಿಕಲ್ ಸ್ಟೋರಿಗೆ, ಬಳೆ ಅಂಗಡಿಗೆ ಹೋಗುತ್ತವೆ. ಬಜ್ಜಿ ಅಂಗಡಿಯವರು ಕೇಳಿದರೂ ಕೊಡಲಿಲ್ಲ. ನ್ಯೂಸ್‌ಪೇಪರ್ ಶಾಯಿ ಎಣ್ಣೆ ತಿಂಡಿಗೆ ಅಂಟುತ್ತದೆ, ತಿಂಡಿಯನ್ನು ಅದರಲ್ಲಿ ಕಟ್ಟಬೇಡಿ ಅಂತ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ.

ದುಡ್ಡನ್ನು ಎಸ್‌ಡಿಎಂಸಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿಯ ಗಮನಕ್ಕೆ ತಂದು ಖಾತೆಗೆ ಹಾಕುತ್ತೇವೆ, ಪ್ರತಿ ಮಾರಾಟಕ್ಕೂ ಅಂಗಡಿಯವರ ಚೀಟಿ ಅಂಟಿಸಿದ ಲೆಕ್ಕದ ಪುಸ್ತಕ ಇದೆ. ಏನು ಕೊಳ್ಳಬೇಕು ಅಂತ ಮಕ್ಕಳನ್ನೇ ಕೇಳಿದೆ. ಕ್ರಿಕೆಟ್ ಕಿಟ್ ಅಂತ ಹುಡುಗರು, ಕೇರಂ ಅಂತ ಹುಡುಗಿಯರು. ಆಗ ನಾನು ಪೇಪರ್ ಕಪ್ಪಿನ ಮಾತು ತೆಗೆದೆ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ದೇಶದಲ್ಲೆಲ್ಲ ನಿಷೇಧ. ಆಮೇಲೆ ನಮ್ಮೂರ ಸಮಾರಂಭಗಳಲ್ಲಿ ಆ ಜಾಗಕ್ಕೆ ಪೇಪರ್ ಕಪ್ ಬಂತು, ಊಟ ಆದ ಮೇಲೆ ತಿಪ್ಪೆಗೆ ಹೋಯಿತು. ಸ್ಟೀಲ್ ಲೋಟ, ತಟ್ಟೆ ಕೊಂಡು ನಾವೇ ಬಾಡಿಗೆಗೆ ಕೊಟ್ಟರೆ? ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆ ತಟ್ಟೆ ಬ್ಯಾಂಕ್ ನಡೆಸುವುದನ್ನೂ ಹೇಳಿದೆ. ಬಾಡಿಗೆ ದುಡ್ಡಲ್ಲಿ ಕ್ರಿಕೆಟ್ ಕಿಟ್ಟೂ ಬರುತ್ತದೆ ಅಂದ ಮೇಲೆ ಕೈಗಳು ಎದ್ದವು.

ಮೊದಲು ಲೋಟ ಮಾತ್ರ ಬಂದವು. ಪಾತ್ರೆ ಅಂಗಡಿಯಲ್ಲಿ ಪ್ರತಿಯೊಂದಕ್ಕೂ ಶಾಲೆಯ ಹೆಸರು ಹಾಕಿಸಿದೆವು. ಆದರೂ ಒಂದು ಮನೆಯ ನಾಮಕರಣದಿಂದ ಕೆಲವು ವಾಪಸ್ ಬರಲಿಲ್ಲ. ಇಬ್ಬರು ಹುಡುಗಿಯರು ಹೋಗಿ ಕೇಳಿದರು, ‘ಅತ್ತೆ, ನಿಮ್ಮ ಅಡುಗೆಮನೆ ಸ್ಟ್ಯಾಂಡಲ್ಲಿ ಒಂದ್ಸಲ ನೋಡ್ತೀರಾ?’ ಸಿಕ್ಕವು. ಅಲ್ಲಿಂದ ಮುಂಗಡ ಇಟ್ಟುಕೊಳ್ಳುವುದು ಶುರುವಾಯಿತು.

ಬಾಡಿಗೆ ದರ ನಾನು ಹೇಳಿಕೊಟ್ಟಿದ್ದಲ್ಲ. ಮಕ್ಕಳೇ ಜಗಳ ಆಡಿ ಗೊತ್ತು ಮಾಡಿದ್ದು. ತಿಥಿಗೆ, ಸಾವಿನ ಮನೆಗೆ ಬಾಡಿಗೆ ಇಲ್ಲ. ಹುಟ್ಟುಹಬ್ಬ, ನಾಮಕರಣಕ್ಕೆ ಅರ್ಧ. ಮದುವೆಗೆ ಪೂರ್ತಿ. ಬೀಗರೂಟಕ್ಕೆ ಪೂರ್ತಿ ದರದ ಮೇಲೆ ಒಂದು ಪ್ಯಾಕೆಟ್ ಸಬೀನ ಪುಡಿ, ಯಾಕೆಂದರೆ ಎಷ್ಟು ತೊಳೆದು ಕೊಟ್ಟರೂ ಜಿಡ್ಡು ಉಳಿದಿರುತ್ತದೆ, ಮತ್ತೆ ಉಜ್ಜುವವರು ಈ ಮಕ್ಕಳೇ. ಈಗ ತಟ್ಟೆ ಕೊಳ್ಳುವಷ್ಟು ದುಡ್ಡು ಸೇರುತ್ತಾ ಬಂದಿದೆ. ಅಡಿಕೆ ಹಾಳೆ ತಟ್ಟೆ ಸಾಕು, ತೊಳೆಯೋ ಕೆಲಸ ಇರಲ್ಲ ಅಂತ ಒಂದು ಗುಂಪು, ಅದಕ್ಕೆ ಪ್ರತಿ ಸಲ ದುಡ್ಡು ಹಾಕಬೇಕು ಅಂತ ಇನ್ನೊಂದು ಗುಂಪು ವಾದ ಮಾಡುತ್ತಿವೆ. ಶನಿವಾರ ಕೈ ಎತ್ತಿಸಿ ತೀರ್ಮಾನ ಮಾಡುತ್ತಾರಂತೆ.