ಸಣ್ಣ ಇಂಜಿನ್ ಗಾಡಿ, ಆಗುಂಬೆಯ 14 ತಿರುವು

ನಮ್ಮ ಮನೆಯಲ್ಲಿ ಒಂದೇ ಬೈಕನ್ನು ಮೂರು ಜನ ಓಡಿಸುತ್ತೇವೆ. ಯಮಹಾ ಆರ್15, ಮೂರನೇ ವರ್ಷನ್, ನೀಲಿ ಬಣ್ಣ, ಸೆಕೆಂಡ್ ಹ್ಯಾಂಡ್. ನನಗೆ 41. ಅಣ್ಣನ ಮಗನಿಗೆ 19, ಲೈಸೆನ್ಸ್ ಕೈಗೆ ಬಂದು ಇನ್ನೂ ವರ್ಷ ಆಗಿಲ್ಲ. ಅಕ್ಕನ ಗಂಡ, ಅಂದರೆ ನಮ್ಮ ಭಾವನಿಗೆ 56. ಮೂವತ್ತು ವರ್ಷದಿಂದ ಬುಲೆಟ್ ಬಿಟ್ಟು ಬೇರೆ ಗಾಡಿ ಮುಟ್ಟಿದವರಲ್ಲ. ನಾನು ಇದನ್ನು ತಂದ ದಿನ "ಇದೇನು ಮಾರಾಯ್ತಿ, ಕಾಲೇಜು ಹುಡುಗರ ಗಾಡಿ ತಂದೀಯಲ್ಲ" ಅಂದಿದ್ದರು. ಈಗ ಭಾನುವಾರ ಬೆಳಿಗ್ಗೆ ಕೀ ಎಲ್ಲಿದೆ ಅಂತ ಮೊದಲು ಕೇಳುವುದು ಅವರೇ.

ನಾನು ಮಂಡಗದ್ದೆ ಹತ್ತಿರದ ಹಳ್ಳಿಯಿಂದ ಶಿವಮೊಗ್ಗಕ್ಕೆ ದಿನಾ ಹೋಗಿ ಬರುತ್ತೇನೆ. ಲ್ಯಾಬ್ ಟೆಕ್ನಿಷಿಯನ್ ಕೆಲಸ. ಒಂದು ಕಡೆಗೆ ಸುಮಾರು ಮೂವತ್ತು ಕಿಲೋಮೀಟರ್. ಸಕ್ರೆಬೈಲು, ಗಾಜನೂರು ದಾಟಿ ಹೋಗುವ ದಾರಿ. ಪಕ್ಕದಲ್ಲಿ ತುಂಗೆ, ರಸ್ತೆ ತುಂಬಾ ತಿರುವು. ಸ್ಕೂಟರ್‌ನಲ್ಲಿ ಹೋಗುವಾಗ ಈ ತಿರುವುಗಳು ಕಷ್ಟ ಅನ್ನಿಸುತ್ತಿದ್ದವು. ಈಗ ಅದೇ ತಿರುವಿಗಾಗಿ ಹತ್ತು ನಿಮಿಷ ಮುಂಚೆ ಹೊರಡುತ್ತೇನೆ. ಹಾಗಾಗಿ ಇಂಥ ಗಾಡಿ ಕೊಳ್ಳಬೇಕು ಅಂತಿರುವವರಿಗೆ, ಕೊಂಡು ಹೇಗೆ ಓಡಿಸುವುದು ಅಂತ ಗೊತ್ತಾಗದವರಿಗೆ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲು ಸೀಟಿನ ವಿಷಯ. ನನ್ನ ಎತ್ತರ ಐದಡಿ ಎರಡಿಂಚು. ಆರ್15ರ ಸೀಟು 815 ಮಿಲಿಮೀಟರ್ ಎತ್ತರ. ಎರಡೂ ಕಾಲು ಪೂರ್ತಿ ಊರುವುದಿಲ್ಲ, ತುದಿಗಾಲು ಅಷ್ಟೇ. ತಂದ ಎರಡನೇ ದಿನವೇ ತರಕಾರಿ ಅಂಗಡಿ ಎದುರು ನಿಂತಲ್ಲೇ ಬಿದ್ದೆ. ಗಾಡಿ ಓಡುತ್ತಲೂ ಇರಲಿಲ್ಲ! ರಸ್ತೆ ಬಲಕ್ಕೆ ಇಳಿಜಾರಾಗಿದ್ದ ಕಡೆ ಬಲಗಾಲು ಇಳಿಸಿದ್ದೆ, ಅದೇ ತಪ್ಪು. ನಿಲ್ಲಿಸುವಾಗ ಯಾವ ಕಡೆ ನೆಲ ಎತ್ತರವೋ ಆ ಕಡೆ ಕಾಲು ಇಳಿಸಿ. ಸೊಂಟ ಸ್ವಲ್ಪ ಜರುಗಿಸಿ ಒಂದೇ ಕಾಲನ್ನು ಪೂರ್ತಿ ಊರುವುದು ಕಲಿತರೆ ಸಾಕು, ಎರಡು ಬೇಕಿಲ್ಲ. ಸುಜುಕಿ ಜಿಕ್ಸರ್ ಎಸ್‌ಎಫ್ ಸೀಟು 795, ಪಲ್ಸರ್ ಆರ್‌ಎಸ್200 ಸೀಟು 810. ಆದರೆ ಪಲ್ಸರ್ ತೂಕ 160 ಕೆಜಿ ದಾಟುತ್ತದೆ, ನಮ್ಮದು 140ರ ಹತ್ತಿರ. ಗಾಡಿ ವಾಲಿದಾಗ ಕೈಗೆ ಗೊತ್ತಾಗುವುದು ಈ 20 ಕೆಜಿ. ಕಾಗದದ ಮೇಲಿನ ಸಂಖ್ಯೆ ನಂಬಬೇಡಿ, ಶೋರೂಮಿಗೆ ಹೋಗಿ ನೀವು ದಿನಾ ಹಾಕುವ ಶೂನಲ್ಲೇ ಕೂತು ನೋಡಿ.

ಸೆಕೆಂಡ್ ಹ್ಯಾಂಡ್ ಆದರೆ ಇಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ಬರುವ ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ. ಕ್ಲಚ್, ಬ್ರೇಕ್ ಲಿವರ್‌ಗಳ ತುದಿ ಮತ್ತು ಫುಟ್‌ರೆಸ್ಟ್ ತುದಿ ಉಜ್ಜಿದೆಯಾ ನೋಡಿ. ಫೇರಿಂಗ್, ಅಂದರೆ ಗಾಡಿಯ ಮೈ ಮುಚ್ಚುವ ಪ್ಲಾಸ್ಟಿಕ್ ಹೊದಿಕೆ, ಹೊಸದು ಹಾಕಿ ಬಿದ್ದಿದ್ದನ್ನು ಮುಚ್ಚಬಹುದು, ಇವುಗಳನ್ನು ಬದಲಿಸಲು ಮರೆತಿರುತ್ತಾರೆ. ಚೈನ್ ಸುತ್ತುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಅದರ ಹಲ್ಲು ಗರಗಸದ ಹಾಗೆ ಚೂಪಾಗಿದ್ದರೆ ಚೈನ್ ಸೆಟ್ ಖರ್ಚು ಲೆಕ್ಕಕ್ಕೆ ಹಿಡಿಯಿರಿ. ಚಾಸಿ ನಂಬರ್ ಆರ್‌ಸಿ ಕಾರ್ಡ್ ಜೊತೆ ತಾಳೆ ನೋಡುವುದು ಬಿಡಬೇಡಿ.

ಈಗ ಭಾವನ ಕತೆ. ಅವರು ಮೊದಲ ಸಲ ಓಡಿಸಿ ಬಂದು "ಇದಕ್ಕೆ ದಮ್ಮೇ ಇಲ್ಲ" ಅಂದರು. ಕೇಳಿದರೆ ಏರಿನಲ್ಲಿ ಐದನೇ ಗೇರ್ ಹಾಕಿ, 3,000 ಆರ್‌ಪಿಎಂನಲ್ಲಿ (ಇಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಎಳೆಸಿದ್ದಾರೆ! ಗಾಡಿ ಜ್ವರ ಬಂದವರ ಹಾಗೆ ನಡುಗಿದೆ. ತಪ್ಪು ಅವರದಲ್ಲ, ಬುಲೆಟ್ ಅಭ್ಯಾಸ ಅದು. ಲೆಕ್ಕ ನೋಡಿ: ಅವರ ಬುಲೆಟ್ 350ರ ಶಕ್ತಿ ಸುಮಾರು 20 ಎಚ್‌ಪಿ, ನಮ್ಮ 155 ಸಿಸಿಯದ್ದು ಸುಮಾರು 19. ಹೆಚ್ಚುಕಡಿಮೆ ಒಂದೇ, ಅಲ್ವಾ? ಆದರೆ ಬುಲೆಟ್ 4,000 ಆರ್‌ಪಿಎಂಗೇ 28 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಕೊಡುತ್ತದೆ. ಇದು ಕೊಡುವುದು ಅದರ ಅರ್ಧ, ಅದೂ 8,500ಕ್ಕೆ. ಬುಲೆಟ್ ಆನೆ ಮರದ ದಿಮ್ಮಿ ಎಳೆದ ಹಾಗೆ ನಿಧಾನಕ್ಕೆ ಜೋರಾಗಿ ಎಳೆಯುತ್ತದೆ. ಇದು ಅಷ್ಟೇ ಕೆಲಸವನ್ನು ಬೇಗಬೇಗ, ಸಣ್ಣಸಣ್ಣ ಹೆಜ್ಜೆ ಹಾಕಿ ಮುಗಿಸುತ್ತದೆ.

ಅಂದರೆ ಸಣ್ಣ ಸ್ಪೋರ್ಟ್ ಬೈಕ್‌ನಲ್ಲಿ ಗೇರ್ ಬದಲಿಸಲು ಸೋಮಾರಿತನ ಮಾಡಬಾರದು. ಏರು ಬಂತಾ, ಒಂದು ಗೇರ್ ಇಳಿಸಿ. ಇನ್ನೂ ಎಳೆಯುತ್ತಿಲ್ಲವಾ, ಇನ್ನೊಂದು ಇಳಿಸಿ. ಇಂಜಿನ್ ಕೂಗುತ್ತದೆ. ಕೂಗಲಿ, ಅದು ಹಾಳಾಗುವ ಸದ್ದಲ್ಲ. ಮೂರನೇ ವರ್ಷನ್‌ನಿಂದ ಇದರಲ್ಲಿ ವಿವಿಎ ಅಂತ ಒಂದು ಏರ್ಪಾಡು ಇದೆ. ಪೆಟ್ರೋಲ್, ಗಾಳಿ ಒಳಗೆ ಬಿಡುವ ವಾಲ್ವ್‌ಗಳಿಗೆ ಎರಡು ಬಗೆಯ ಕ್ಯಾಮ್, ಅಂದರೆ ವಾಲ್ವನ್ನು ಒತ್ತಿ ತೆರೆಯುವ ಉಬ್ಬು. ಕೆಳಗಿನ ವೇಗಕ್ಕೆ ಸಣ್ಣದು, 7,400 ಆರ್‌ಪಿಎಂ ದಾಟಿದ ಮೇಲೆ ದೊಡ್ಡದು. ದಾಟಿದಾಗ ಮೀಟರ್‌ನಲ್ಲಿ ವಿವಿಎ ಅಕ್ಷರ ಹೊತ್ತಿಕೊಳ್ಳುತ್ತದೆ. ಭಾವನಿಗೆ ನಾನು ಹೇಳಿದ್ದು ಇಷ್ಟೇ: "ಮೂರನೇ ಗೇರ್‌ನಲ್ಲಿ ಒಂದು ಸಲ ಆ ಅಕ್ಷರ ಹೊತ್ತಿಸಿ ಬನ್ನಿ." ಹೋಗಿ ಅರ್ಧ ಗಂಟೆ ಬರಲೇ ಇಲ್ಲ. ಅಕ್ಕ ಎರಡು ಸಲ ಫೋನ್ ಮಾಡಿದಳು.

ಅಣ್ಣನ ಮಗನ ರೋಗ ಬೇರೆ. ಅವನಿಗೆ ಬೇಕಾಗಿದ್ದು ಕೆಟಿಎಂ ಆರ್‌ಸಿ 390. ಅದು 43 ಎಚ್‌ಪಿ. ಕೆಟ್ಟ ಗಾಡಿ ಅಂತ ನಾನು ಹೇಳುವುದಿಲ್ಲ. ನನ್ನ ತಕರಾರು ಏನೆಂದರೆ, ನಮ್ಮ ರಸ್ತೆಯಲ್ಲಿ ಅದರ ಕಾಲು ಭಾಗವನ್ನೂ ಬಳಸಲು ಜಾಗ ಇಲ್ಲ. ಎರಡು ತಿರುವಿನ ಮಧ್ಯೆ ಇನ್ನೂರು ಮೀಟರ್ ನೇರ ರಸ್ತೆ ಸಿಕ್ಕಿದರೆ ಅಷ್ಟರಲ್ಲೇ ಅದು ಬೇಡದ ವೇಗಕ್ಕೆ ಹೋಗಿರುತ್ತದೆ. ಮುಂದಿನ ತಿರುವಿನಲ್ಲಿ ಹೆದರಿ ಬ್ರೇಕ್ ಹಿಡಿಯಬೇಕು. ಹೆದರಿಕೊಂಡು ಕಲಿಯಲು ಆಗುವುದಿಲ್ಲ. 155 ಸಿಸಿಯಲ್ಲಿ ಪೂರ್ತಿ ಆಕ್ಸಿಲರೇಟರ್ ತಿರುಗಿಸಿದರೂ ತಿರುವು ಬರುವಷ್ಟರಲ್ಲಿ ಕೈಮೀರಿದ ವೇಗ ಬಂದಿರುವುದಿಲ್ಲ. ತಪ್ಪು ಮಾಡಿದರೂ ತಿದ್ದಿಕೊಳ್ಳಲು ಸಮಯ ಸಿಗುತ್ತದೆ.

ಅವನನ್ನು ಶಾಲೆ ಮೈದಾನಕ್ಕೆ ಕರೆದುಕೊಂಡು ಹೋಗಿ ಎರಡು ಭಾನುವಾರ ಬರೀ ಇಷ್ಟೇ ಮಾಡಿಸಿದೆ. ಒಂದು, ಮೊಣಕಾಲಿನಿಂದ ಟ್ಯಾಂಕನ್ನು ಅಮುಕಿ ಹಿಡಿದು ಕೂರುವುದು. ಈ ಗಾಡಿಗಳ ಹ್ಯಾಂಡಲ್ ತಗ್ಗು, ಮೈ ಭಾರ ಅಂಗೈ ಮೇಲೆ ಬೀಳುತ್ತದೆ. ಮಣಿಕಟ್ಟು ನೋಯುತ್ತದೆ ಅಂತ ಬೈಯುವವರಲ್ಲಿ ಮುಕ್ಕಾಲು ಜನ ಕಾಲು ಸಡಿಲ ಬಿಟ್ಟು ಕೂತವರು. ಟ್ಯಾಂಕ್ ಹಿಡಿದು ಕೂತಿದ್ದೀರಾ ಅಂತ ನೋಡಲು ಸುಲಭ ದಾರಿ ಇದೆ: ಓಡುತ್ತಿರುವಾಗ ಮೊಣಕೈಯನ್ನು ಕೋಳಿ ರೆಕ್ಕೆ ಹಾಗೆ ಆಡಿಸಿ. ಆಡಿದರೆ ಸರಿ ಕೂತಿದ್ದೀರಿ.

ಎರಡನೆಯದು ಬಹಳ ಜನ ನಂಬುವುದಿಲ್ಲ. ಬಲಕ್ಕೆ ಹೋಗಬೇಕಾದರೆ ಬಲಗೈ ಹ್ಯಾಂಡಲನ್ನು ಮುಂದಕ್ಕೆ ತಳ್ಳಬೇಕು, ಎಳೆಯಬಾರದು. ಗಂಟೆಗೆ ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಖಾಲಿ ಜಾಗದಲ್ಲಿ ಮೆಲ್ಲಗೆ ತಳ್ಳಿ ನೋಡಿ. ಗಾಡಿ ತಾನೇ ಬಲಕ್ಕೆ ವಾಲುತ್ತದೆ. ನಾವೆಲ್ಲ ಗೊತ್ತಿಲ್ಲದೆ ಮಾಡುತ್ತಿರುವುದು ಇದನ್ನೇ. ಗೊತ್ತಿದ್ದು ಮಾಡಿದರೆ ಎದುರಿಗೆ ದನ ಬಂದಾಗ ತಪ್ಪಿಸಿಕೊಳ್ಳಬಹುದು. ಗಾಡಿ ಹಗುರ, ಟೈರ್ ತೀರಾ ದಪ್ಪ ಇಲ್ಲ, ಹಾಗಾಗಿ ಕೇಳಿದ ತಕ್ಷಣ ತಿರುಗುತ್ತದೆ. ಬುಲೆಟ್‌ಗೆ ಇದನ್ನೇ ಅರ್ಜಿ ಕೊಟ್ಟು ಕೇಳಬೇಕು. (ಭಾವ ಇದನ್ನು ಓದುವುದಿಲ್ಲ ಅಂದುಕೊಂಡಿದ್ದೇನೆ.)

ಚೈನ್ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಐನೂರು ಕಿಲೋಮೀಟರ್‌ವರೆಗೂ ಕಾಯಬೇಡಿ, ವಾರಕ್ಕೊಮ್ಮೆ ಒರೆಸಿ ಎಣ್ಣೆ ಬಿಡಿ. ಒಂದು ಸಲ ಒಂದು ಗ್ಯಾರೇಜಿನಲ್ಲಿ ಚೈನನ್ನು ವೀಣೆ ತಂತಿ ಹಾಗೆ ಬಿಗಿದು ಕೊಟ್ಟರು. ಸವಾರ ಕೂತಾಗ ಹಿಂದಿನ ಚಕ್ರ ಮೇಲೇರುತ್ತದೆ, ಚೈನ್ ಇನ್ನೂ ಬಿಗಿಯುತ್ತದೆ. ಆಡಲು ಜಾಗ ಇಲ್ಲದಿದ್ದರೆ ಬೇರಿಂಗ್ ತಿನ್ನುತ್ತದೆ. ಮನೆಗೆ ಬರುವಷ್ಟರಲ್ಲಿ ಕರಕರ ಸದ್ದು ಶುರುವಾಗಿತ್ತು. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಎಷ್ಟು ಸಡಿಲ ಇರಬೇಕು ಅಂತ ಇದೆ, ಸ್ಕೇಲ್ ಹಿಡಿದು ನೀವೇ ಅಳೆಯಿರಿ. ಟೈರ್ ಗಾಳಿಗೂ ಅದೇ ಪುಸ್ತಕ. ಇನ್ನು ಮುಂದಿನ ಚಕ್ರದ ಹಿಂದೆಯೇ ಇಂಜಿನ್ ತಂಪು ಮಾಡುವ ರೇಡಿಯೇಟರ್ ಇದೆ. ನಮ್ಮ ಕೆಮ್ಮಣ್ಣು ಅದರ ಸಂದಿಗೆ ಮೆತ್ತಿ ಒಣಗಿದರೆ ಗಾಳಿ ಆಡುವುದಿಲ್ಲ. ಜೋರು ನೀರು ಹೊಡೆಯಬೇಡಿ, ಅದರ ತೆಳು ಲೋಹದ ರೆಕ್ಕೆಗಳು ಬಾಗುತ್ತವೆ. ಪೈಪಿನ ನೀರು ಸುಮ್ನೆ ಇಳಿಬಿಟ್ಟರೆ ಸಾಕು.

ಈ ಗಾಡಿಯಿಂದ ಆಗದ ಕೆಲಸವೂ ಇದೆ. ಅಮ್ಮ ಸೀರೆ ಉಟ್ಟು ಹಿಂದೆ ಕೂರಲಾರಳು, ಆ ಸೀಟು ಅಟ್ಟದ ಮೇಲೆ ಇದ್ದ ಹಾಗಿದೆ. ಅಡಿಕೆ ಮೂಟೆ, ಗ್ಯಾಸ್ ಸಿಲಿಂಡರ್ ಕೇಳಲೇಬೇಡಿ. ಮನೆಗೆ ಒಂದೇ ಗಾಡಿ ಅಂತಾದರೆ ಇದನ್ನು ತರಬೇಡಿ.

ಇನ್ನು ಆಗುಂಬೆ. ತೀರ್ಥಹಳ್ಳಿ, ಮೇಗರವಳ್ಳಿ ದಾಟಿ ಆಗುಂಬೆ, ಅಲ್ಲಿಂದ ಘಟ್ಟದ ಕೆಳಗಿನ ಸೋಮೇಶ್ವರದವರೆಗೆ 14 ಹೇರ್‌ಪಿನ್ ತಿರುವು. ಘಟ್ಟದ ಮೇಲಿನವರಾದ ನಮಗೆ ಇಲ್ಲೊಂದು ತೊಂದರೆ ಇದೆ. ಹತ್ತುವುದು ಸುಲಭ, ಇಳಿಯುವುದು ಕಷ್ಟ. ಆದರೆ ನಾವು ಮೊದಲು ಇಳಿಯಲೇಬೇಕು. ಉಡುಪಿ ಕಡೆಯವರು ಪುಣ್ಯವಂತರು. ಹಾಗಾಗಿ ಕಳೆದ ಡಿಸೆಂಬರ್‌ನಲ್ಲಿ ಗಾಡಿಯನ್ನು ಕೆಳಗಿನವರೆಗೆ ನಾನೇ ಇಳಿಸಿದೆ, ಹುಡುಗ ಭಾವನ ಬುಲೆಟ್ ಹಿಂದೆ ಕೂತು ನೋಡುತ್ತಾ ಬಂದ. ಸೋಮೇಶ್ವರದಲ್ಲಿ ಚಹಾ ಕುಡಿದು ಕೀ ಅವನ ಕೈಗೆ ಕೊಟ್ಟೆ.

ಇಳಿಯುವಾಗ ಎರಡನೇ ಗೇರ್, ಬಿಗಿ ತಿರುವಿಗೆ ಒಂದನೇ ಗೇರ್. ಬ್ರೇಕ್ ಒತ್ತಿಯೇ ಇಟ್ಟುಕೊಂಡು ಇಳಿಯಬೇಡಿ, ಡಿಸ್ಕ್ ಬಿಸಿಯಾಗುತ್ತದೆ. ಇಂಜಿನ್ನೇ ತಡೆಯಲಿ. ಇಂಜಿನ್ ತೀರಾ ಜೋರಾಗಿ ತಡೆದಾಗ ತಾನೇ ಸ್ವಲ್ಪ ಜಾರಿಕೊಡುವ ಸ್ಲಿಪ್ಪರ್ ಕ್ಲಚ್ ಇರುವುದರಿಂದ ಗೇರ್ ಇಳಿಸಿದಾಗ ಹಿಂದಿನ ಚಕ್ರ ಕುಪ್ಪಳಿಸುವುದು ಕಡಿಮೆ. ಹತ್ತಿ ಬರುವವರಿಗೆ ದಾರಿ ಬಿಡಿ, ನಿಯಮವೂ ಅದೇ. ಬಸ್ಸು ತಿರುಗಲು ಪೂರ್ತಿ ರಸ್ತೆ ಬೇಕು. ತಿರುವಿನ ಮುಂಚೆ ಹಾರ್ನ್ ಹೊಡೆದು, ಬಸ್ಸಿನ ಸದ್ದು ಕೇಳಿದರೆ ನಿಂತುಬಿಡಿ.

ಹತ್ತುವಾಗ ನಾನು ಬುಲೆಟ್ ಹಿಂದೆ ಕೂತು ಅವನ ಬ್ರೇಕ್ ಲೈಟನ್ನೇ ನೋಡುತ್ತಿದ್ದೆ. ಮೊದಲ ಮೂರು ತಿರುವಿನಲ್ಲೂ ಲೈಟು ತಿರುವಿನ ನಡುವೆ ಹೊತ್ತಿತು. ಅಂದರೆ ಒಳಗೆ ಹೋದ ಮೇಲೆ ಹೆದರಿದ್ದಾನೆ. ನಿಲ್ಲಿಸಿ ಹೇಳಿದೆ: ಬ್ರೇಕು, ಗೇರು ಎಲ್ಲಾ ತಿರುವಿನ ಮುಂಚೆಯೇ ಮುಗಿಸು. ಒಳಗೆ ಹೋದ ಮೇಲೆ ಆಕ್ಸಿಲರೇಟರ್ ಒಂದೇ ಸಮ ಹಿಡಿ. ಗಲ್ಲವನ್ನು ತಿರುಗಿಸಿ ತಿರುವು ಎಲ್ಲಿ ಮುಗಿಯುತ್ತದೋ ಅಲ್ಲಿ ನೋಡು, ಮುಂದಿನ ಚಕ್ರ ನೋಡಬೇಡ, ತಡೆಗೋಡೆ ನೋಡಲೇಬೇಡ. ಕಣ್ಣು ಹೋದ ಕಡೆ ಗಾಡಿ ಹೋಗುತ್ತದೆ. ಎಡ ತಿರುವಿನಲ್ಲಿ ತೀರಾ ಒಳಗೆ ನುಗ್ಗಬೇಡ, ಅಲ್ಲಿ ಏರು ಕಡಿದಾಗಿರುತ್ತದೆ, ಇಂಜಿನ್ ಸಾಯುತ್ತದೆ. ಆರನೇ ತಿರುವಿನ ಹೊತ್ತಿಗೆ ಲೈಟು ತಿರುವಿನ ಮುಂಚೆ ಹೊತ್ತಿ ಆರಿತು. ಒಂಬತ್ತನೆಯದರಲ್ಲೂ ಹಾಗೇ. ಭಾವ ಹಿಂದಕ್ಕೆ ತಿರುಗಿ "ನೋಡ್ದ್ಯಾ?" ಅಂದರು. "ನೀವು ಮುಂದೆ ನೋಡಿ" ಅಂದೆ.

ಇದೆಲ್ಲ ಒಣ ರಸ್ತೆಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಲಿಯಲು ಅಲ್ಲಿಗೆ ಹೋಗಬೇಡಿ. ನಮ್ಮ ಮಂಡಗದ್ದೆ ರಸ್ತೆಯಲ್ಲೇ ಮರದ ನೆರಳು ಬೀಳುವ ಕಡೆ ಹಸಿರು ಹಾವಸೆ ಕಟ್ಟಿರುತ್ತದೆ, ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇದ್ದರೂ ಹಾವಸೆ ಮೇಲೆ ವಾಲಿದ ಗಾಡಿ ನಿಲ್ಲುವುದಿಲ್ಲ. ಕಾರು, ಬಸ್ಸಿನ ಚಕ್ರ ಉಜ್ಜಿ ಕಪ್ಪಾಗಿರುವ ಗೆರೆ ಹಿಡಿದು ಹೋಗಿ. ಬಿಳಿ ಪಟ್ಟಿ, ಕೊಳೆತ ಎಲೆ, ಟ್ರ್ಯಾಕ್ಟರ್ ಉದುರಿಸಿದ ಮಣ್ಣು, ಇವುಗಳ ಮೇಲೆ ಗಾಡಿ ನೆಟ್ಟಗಿರಲಿ. ಹೆಲ್ಮೆಟ್ ಗಾಜು ಆವಿ ಕಟ್ಟಿದರೆ ಒಂದು ಬೆರಳಷ್ಟು ತೆರೆಯಿರಿ. ಗಮ್‌ಬೂಟ್ ಹಾಕಿಕೊಂಡು ಗೇರ್ ಹಾಕಲು ಆಗುವುದಿಲ್ಲ, ನಾನು ಪ್ರಯತ್ನಿಸಿದ್ದೇನೆ. ಶೂ ಹಾಕಿ, ಇಳಿದ ಮೇಲೆ ಉಂಬಳ ಹತ್ತಿದೆಯಾ ನೋಡಿಕೊಳ್ಳಿ.

ಮೇಲೆ ಬಂದು ನಿಂತಾಗ ಹುಡುಗನ ಕೈ ಇನ್ನೂ ನಡುಗುತ್ತಿತ್ತು, ಹಲ್ಲು ಮಾತ್ರ ಅಷ್ಟೂ ಕಾಣುತ್ತಿದ್ದವು. "ಅತ್ತೆ, ಇನ್ನೊಂದ್ಸಲ?" ಅಂದ. ನಾನು ಬಾಯಿ ತೆರೆಯುವ ಮೊದಲೇ ಭಾವ ಬುಲೆಟ್ ಸ್ಟ್ಯಾಂಡ್ ಹಾಕಿ, ಆರ್15ರ ಕೀಗೆ ಕೈ ಚಾಚಿದ್ದರು.