ಮೊದಲು ಪುಡಿ ತೆಗೆಯಿರಿ, ಆಮೇಲೆ ಒಲೆಗಿಡಿ

ಸೊಂಟದ ಕೀಲು ಬದಲಾಯಿಸುವಾಗ ಕೂರಿಸುವ ಟೈಟೇನಿಯಂ ಬಟ್ಟಲಿನ ಹೊರಮೈ ಸ್ಪಂಜಿನ ಹಾಗೆ ತೂತು ತೂತಾಗಿರುತ್ತದೆ. ಮೂಳೆ ಅದರೊಳಗೆ ಬೆಳೆದು ಬಟ್ಟಲನ್ನು ಕಚ್ಚಿ ಹಿಡಿಯಬೇಕಲ್ವಾ, ಅದಕ್ಕೆ. ಲೋಹದ ಪುಡಿಯನ್ನು ಪದರ ಪದರವಾಗಿ ಕರಗಿಸಿ ತುಂಡು ಮಾಡುವ ಪೀಣ್ಯದ ಒಂದು 3ಡಿ ಪ್ರಿಂಟಿಂಗ್ ಶಾಪಿನಲ್ಲಿದ್ದಾಗ ಈ ಪದರ ಮಾಡುವ ಕೆಲಸ ನನಗೆ ಬಂತು.

ತೂತಿಗೆ ಇನ್ನೊಂದು ಕಾರಣವೂ ಇದೆ. ಗಟ್ಟಿ ಟೈಟೇನಿಯಂ ಮಿಶ್ರಲೋಹದ ಬಿಗುವು, ಅಂದರೆ ಭಾರ ಬಿದ್ದರೂ ಬಾಗದೆ ನಿಲ್ಲುವ ಗುಣ, ಸುಮಾರು 110 ಗಿಗಾಪ್ಯಾಸ್ಕಲ್, ಮೂಳೆಯ ಹೊರಪದರದ್ದು 20ರ ಆಸುಪಾಸು. ಭಾರವನ್ನೆಲ್ಲ ಲೋಹವೇ ಹೊತ್ತುಬಿಟ್ಟರೆ ಪಕ್ಕದ ಮೂಳೆಗೆ ಕೆಲಸ ಇಲ್ಲ, ಕೆಲಸ ಇಲ್ಲದ ಮೂಳೆ ಸೊರಗುತ್ತದೆ. ನೂರಕ್ಕೆ 70 ಪಾಲು ಖಾಲಿ ಬಿಟ್ಟರೆ ಬಿಗುವು 10ರ ಹತ್ತಿರಕ್ಕೆ ಇಳಿಯುತ್ತದೆ.

ಪರೀಕ್ಷೆಗೆ 10 ಮಿಲಿಮೀಟರ್ ಘನಗಳನ್ನು ಪ್ರಿಂಟ್ ಮಾಡಿದೆ. ಕಡ್ಡಿಯ ದಪ್ಪ 300 ಮೈಕ್ರಾನ್, ತೂತು 600. ಲೆಕ್ಕದ ಪ್ರಕಾರ ಒಂದೊಂದು 1.33 ಗ್ರಾಂ ತೂಗಬೇಕಿತ್ತು. ತೂಗಿದರೆ 1.92!

ತಪ್ಪು ನನ್ನದೇ. ಪ್ರಿಂಟ್ ಆದ ತುಂಡಿನೊಳಗೆ ಒಳಒತ್ತಡ ಇರುತ್ತದೆ, ಅದು ಅಂಟಿಕೊಂಡು ಬೆಳೆದ ಲೋಹದ ಪ್ಲೇಟಿನಿಂದ ಕತ್ತರಿಸುವ ಮುಂಚೆ ಕಾಯಿಸದಿದ್ದರೆ ಸೊಟ್ಟಗಾಗುತ್ತದೆ, ಹಾಗಾಗಿ ಹೊರಗಿನ ಪುಡಿ ಮಾತ್ರ ಕೊಡವಿ ಪ್ಲೇಟ್ ಸಮೇತ 800 ಡಿಗ್ರಿಯ ಒಲೆಗೆ ಇಟ್ಟುಬಿಟ್ಟಿದ್ದೆ. ತೂತುಗಳೊಳಗೆ ಉಳಿದಿದ್ದ ಪುಡಿ, ರಾಗಿ ಹಿಟ್ಟಿಗಿಂತ ನುಣುಪು, ಆ ಶಾಖಕ್ಕೆ ಒಂದಕ್ಕೊಂದು ಅಂಟಿಕೊಂಡಿತ್ತು. ಸಿಟಿ ಸ್ಕ್ಯಾನಿನಲ್ಲಿ ಘನದ ನಡುವೆ ಬಿಳಿ ಗಂಟು ಕಾಣಿಸಿತು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅಂಥದ್ದು ಒಬ್ಬರ ಮೈಯೊಳಗೆ ಹೋದರೆ ಮೂಳೆ ಬೆಳೆಯಲು ಜಾಗವೇ ಇರುವುದಿಲ್ಲ, ಬಿಡಿ ಕಣಗಳು ಕಳಚಿ ಕೀಲಿಗೆ ಸೇರಬಹುದು. ಆ ಚಿತ್ರ ನೋಡಿ ಅವತ್ತು ನನಗೆ ಊಟ ಸೇರಲಿಲ್ಲ.

ಎರಡನೇ ಸಲ ಕ್ರಮ ಬದಲಾಯಿಸಿದೆ. ಘನಗಳನ್ನು 3 ಮಿಲಿಮೀಟರ್ ಕಾಲುಗಳ ಮೇಲೆ ನಿಲ್ಲಿಸಿದೆ, ಕೆಳಗಿನ ತೂತುಗಳೂ ತೆರೆದಿರಲಿ ಅಂತ. ಪ್ಲೇಟನ್ನು ಉರಿಯಲು ಬಿಡದ ಆರ್ಗಾನ್ ಅನಿಲ ತುಂಬಿದ ಪೆಟ್ಟಿಗೆಯಲ್ಲಿ ತಲೆಕೆಳಗು ಮಾಡಿ ನಡುಗಿಸಿದೆ. ಟೈಟೇನಿಯಂ ಪುಡಿ ಒಂದು ಕಿಡಿಗೂ ಹೊತ್ತಿಕೊಳ್ಳುತ್ತದೆ, ಸುಮ್ನೆ ಗಾಳಿ ಹೊಡೆಯಬೇಡಿ. ಆಮೇಲೆ ಶಬ್ದದ ಅಲೆಗಳಿಂದ ನಡುಗಿಸಿ ತೊಳೆಯುವ ಅಲ್ಟ್ರಾಸಾನಿಕ್ ತೊಟ್ಟಿ, ಒಣಗಿಸುವುದು, ತೂಗುವುದು, ಮತ್ತೆ ತೊಟ್ಟಿ. ಮೂರು ಸಲ ತೂಗಿದರೂ ತೂಕ ಬದಲಾಗದಿದ್ದಾಗ ಒಲೆಗಿಟ್ಟೆ. ಕತ್ತರಿಸಿ ತೂಗಿದರೆ 1.45.

ಉಳಿದದ್ದು ಕಡ್ಡಿಗಳ ಕೆಳಮೈಗೆ ಅರ್ಧ ಕರಗಿ ಅಂಟಿದ ಕಣಗಳು. ಅವು ತೊಳೆದರೆ ಹೋಗುವುದಿಲ್ಲ, ಹೈಡ್ರೋಫ್ಲೋರಿಕ್ ಆಸಿಡ್ ಬೇಕು. ಅದು ಚರ್ಮದೊಳಗೆ ಇಳಿಯುವ ಆಸಿಡ್, ಆ ಆಸಿಡ್ ತಾಗಿದ ಜಾಗಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಲ್ಲಿ ಇಲ್ಲದ ಕಡೆ ಮುಟ್ಟಲೇಬಾರದು. ಸೌಲಭ್ಯ ಇರುವವರ ಹತ್ತಿರ ಮಾಡಿಸಿದೆ, 1.36ಕ್ಕೆ ಇಳಿಯಿತು. ಜಾಸ್ತಿ ಹೊತ್ತು ಬಿಟ್ಟರೆ ಕಡ್ಡಿಯೇ ಸಣ್ಣಗಾಗಿ ಬಲ ಕಳೆದುಕೊಳ್ಳುತ್ತದೆ, ಅದಕ್ಕೇ ಅಲ್ಲಿಗೆ ನಿಲ್ಲಿಸಿದೆವು.

ಈಗ ಪ್ರತಿ ಡ್ರಾಯಿಂಗಿನ ಮೂಲೆಯಲ್ಲಿ ಲೆಕ್ಕದ ತೂಕ ಬರೆದಿಡುತ್ತೇನೆ. ತೂಕ ಲೆಕ್ಕದ ಹತ್ತಿರಕ್ಕೆ ಬಾರದೆ ಯಾವ ಪ್ಲೇಟೂ ಒಲೆಗೆ ಹೋಗುವುದಿಲ್ಲ.