ಉಡುಪಿಯ ಮನೆಯಲ್ಲೊಂದು ಸುದ್ದಿ ಸರ್ವರ್: ನನ್ನ ಅನುಭವ

ಮನೆಯ ಸರ್ವರ್‌ನಲ್ಲಿ ಸುದ್ದಿ ಸಂಗ್ರಹಿಸಿ ಓದುವ ಏರ್ಪಾಡು ಉಡುಪಿಯ ಒಂದು ಮಳೆಗಾಲವನ್ನೂ ದಾಟಲಾರದು ಎಂದು ಮಣಿಪಾಲದ ಮಿತ್ರರು ಖಚಿತವಾಗಿ ಹೇಳಿದ್ದರು. ಅದು ದಾಟಿದ್ದಷ್ಟೇ ಅಲ್ಲ, ಹಾಗೆ ಹೇಳಿದವರಲ್ಲೇ ಕೆಲವರು ಈಗ ನನ್ನ ಸರ್ವರ್‌ನಲ್ಲಿ ಖಾತೆ ತೆರೆದು ಓದುತ್ತಿದ್ದಾರೆ. ಡಾಕರ್ (ತಂತ್ರಾಂಶಗಳನ್ನು ಬೇರೆ ಬೇರೆಯಾಗಿ ಓಡಿಸುವ ಏರ್ಪಾಡು), ಫ್ರೆಶ್‌ಆರ್‌ಎಸ್‌ಎಸ್ (ತಾಣಗಳ ಹೊಸ ಬರಹಗಳನ್ನು ಒಂದೆಡೆ ತರುವ ತಂತ್ರಾಂಶ), ಟೇಲ್‌ಸ್ಕೇಲ್ (ಹೊರಗಿನಿಂದಲೂ ಮನೆಯ ಸರ್ವರ್ ತಲುಪಿಸುವ ಖಾಸಗಿ ಜಾಲ) ಬಳಸಿ ಗೊತ್ತಿರುವವರಿಗಾಗಿ ಬರೆಯುತ್ತಿರುವುದರಿಂದ ಅವುಗಳ ಹೆಚ್ಚಿನ ವಿವರಣೆಗೆ ಹೋಗುವುದಿಲ್ಲ.

ಮೊದಲು ಇದ್ದದ್ದು ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್. ಜೂನ್‌ನಲ್ಲಿ ಕರೆಂಟು ಹೋಗಿ ಬರುವ ಆಟಕ್ಕೆ ಅದರ ಮೆಮೊರಿ ಕಾರ್ಡ್ ಬಲಿಯಾಯಿತು. ಹೊಸ ಕಾರ್ಡೂ ಅದೇ ದಾರಿ ಹಿಡಿಯಿತು. ಬ್ಯಾಟರಿಯೇ ಯುಪಿಎಸ್ ಆಗುತ್ತದೆಂದು ಹಳೆಯ ಲ್ಯಾಪ್‌ಟಾಪೊಂದನ್ನು ಕೂರಿಸಿದರೆ, ಸದಾ ಚಾರ್ಜಿನಲ್ಲಿದ್ದ ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನೇ ಮೇಲಕ್ಕೆತ್ತಿತು. ಅದರ ನಂತರ ಮೇ ತಿಂಗಳ ಒಂದು ಸಂಜೆಯ ಸಿಡಿಲು ರೌಟರ್ ಮತ್ತು ಸ್ವಿಚ್‌ನ ಲ್ಯಾನ್ ಪೋರ್ಟ್‌ಗಳನ್ನು ಸುಟ್ಟಿತು. ಇಷ್ಟರಲ್ಲಿ ಸುಮಾರು ಹನ್ನೆರಡು ಸಾವಿರ ರೂಪಾಯಿ ನೀರುಪಾಲಾಗಿತ್ತು.

ಉಪಾಯ ಹೊಳೆದದ್ದು ಯಂತ್ರದಲ್ಲಲ್ಲ, ನೆಲದಲ್ಲಿ. ನಮ್ಮದು ಮುರಕಲ್ಲಿನ ನೆಲ. ಸಿಡಿಲು ಹೆಚ್ಚಾಗಿ ಬರುವ ಏಪ್ರಿಲ್–ಮೇ ತಿಂಗಳಲ್ಲೇ ಅದು ಒಣಗಿ ಬಿರುಕು ಬಿಟ್ಟಿರುತ್ತದೆ, ಅರ್ತಿಂಗ್ ಇದ್ದೂ ಇಲ್ಲದಂತಿರುತ್ತದೆ. ಅರ್ತಿಂಗ್ ಗುಂಡಿಯನ್ನು ಹೊಸದಾಗಿ ತೋಡಿಸಿ, ಬೇಸಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಸುರಿಯುವ ಪದ್ಧತಿ ಇಟ್ಟುಕೊಂಡೆ. ಮೀಟರ್ ಬೋರ್ಡಿನ ಬಳಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಮಹಡಿಗೆ ಹೋಗುವ ತಾಮ್ರದ ಕೇಬಲನ್ನು ಕಿತ್ತು ವಿದ್ಯುತ್ ಹರಿಯದ ಫೈಬರ್ ಎಳೆದೆ. ಸೆಕೆಂಡ್ ಹ್ಯಾಂಡ್ ಮಿನಿ ಪಿಸಿಗೆ ಒಂಬತ್ತು ಸಾವಿರ, ಎಸ್‌ಎಸ್‌ಡಿಗೆ ಎರಡೂವರೆ ಸಾವಿರ, ರೌಟರ್‌ಗಾಗಿ 12 ವೋಲ್ಟಿನ ಪುಟ್ಟ ಯುಪಿಎಸ್‌ಗೆ ಸಾವಿರದ ಮುನ್ನೂರರಷ್ಟು ತಗಲಿರಬೇಕು. ಕರೆಂಟು ಬಂದೊಡನೆ ಯಂತ್ರ ತಾನಾಗಿ ಏಳುವಂತೆ ಅದರ ಮೂಲ ಸೆಟ್ಟಿಂಗ್ ಆದ ಬಯೋಸ್‌ನಲ್ಲಿ ಹೇಳಿಟ್ಟಿದ್ದೇನೆ. ತಿಂಗಳಿಗೆ ಏಳೆಂಟು ಯೂನಿಟ್ ಹೋಗುತ್ತದೆ. ಅದು ಗೃಹಜ್ಯೋತಿಯ ಲೆಕ್ಕದೊಳಗೇ ಅಡಗಿತು.

ಓದಿನ ಕ್ರಮವೂ ಬದಲಾಯಿತು. ಫೋನಿನ ಎಲ್ಲ ಸುದ್ದಿ ಸೂಚನೆಗಳನ್ನು ನಿಲ್ಲಿಸಿ, ಸರ್ವರ್ ಗಂಟೆಗೊಮ್ಮೆ ತಂದು ಹಾಕುವುದನ್ನು ಬೆಳಿಗ್ಗೆ ಒಮ್ಮೆ ಮಾತ್ರ ಓದುತ್ತೇನೆ. ಫೀಡ್ (ತಾಣವೇ ಕೊಡುವ ಹೊಸ ಬರಹಗಳ ಪಟ್ಟಿ) ಇಲ್ಲದ ತಾಣಗಳಿಗೆ, ಪುಟದಲ್ಲಿ ಬೇಕಾದ ಭಾಗವನ್ನು ಗುರುತಿಸುವ ಎಕ್ಸ್‌ಪಾತ್ ಸಾಕು. ಫೀಡನ್ನು ಮುಚ್ಚಿಟ್ಟಿರುವ ಒಂದೆರಡು ಪತ್ರಿಕೆಗಳನ್ನು ತರಿಸುವ ಬಗೆಯನ್ನು ಮಾತ್ರ ಇಲ್ಲಿ ಬರೆಯಲಾರೆ, ಬರೆದರೆ ಆ ಬಾಗಿಲೂ ಮುಚ್ಚೀತು. ಬೇಕಾದ ಪದವಿರುವ ಸುದ್ದಿಯನ್ನು ಹೆಕ್ಕಿ ಫೋಲ್ಡರಿಗೆ ಹಾಕುವ ಕನ್ನಡದ ಫಿಲ್ಟರ್‌ಗಳಲ್ಲಿ ‘ಸಂಪತ್ತು’ ಎಂದು ಪೂರ್ತಿ ಕೊಟ್ಟರೆ ‘ಸಂಪತ್ತಿನ’ ಸಿಗುವುದಿಲ್ಲ, ‘ಸಂಪತ್ತ’ ಎಂಬಲ್ಲಿಗೆ ನಿಲ್ಲಿಸಬೇಕು. ಅಕ್ಷರಗಳ ನಡುವೆ ಕಾಣದೆ ಕುಳಿತಿರುವ ಶೂನ್ಯ ಅಗಲದ ಚಿಹ್ನೆಯನ್ನು ಒಂದು ಪತ್ರಿಕೆ ಬಳಸುತ್ತದೆ, ಇನ್ನೊಂದು ಬಳಸುವುದಿಲ್ಲ. ಅದನ್ನು ಅಳಿಸಿದ ಮೇಲೆಯೇ ಹುಡುಕಾಟ ಸರಿಹೋಯಿತು. ನಡುವೆ ಎಂಟು ಜಿಬಿ ರ‍್ಯಾಮಿನಲ್ಲಿ ಪುಟ್ಟ ಭಾಷಾ ಮಾದರಿಯೊಂದರಿಂದ ಸಾರಾಂಶ ಬರೆಸಿ ನೋಡಿದೆ. ‘ಲಕ್ಷ ಕೋಟಿ’ಯನ್ನು ಅದು ಬರೀ ಲಕ್ಷವಾಗಿಸಿದ್ದರಿಂದ ತೆಗೆದುಹಾಕಿದೆ.

ಇಷ್ಟೆಲ್ಲದರ ಫಲ ಕಂಡದ್ದು ಸಂಪತ್ತಿನ ತೆರಿಗೆಗಾಗಿ ಇಟ್ಟಿರುವ ಫೋಲ್ಡರಿನಲ್ಲಿ. 2024ರ ಏಪ್ರಿಲ್‌ನಲ್ಲಿ, ನಮ್ಮಲ್ಲಿ ಮತದಾನಕ್ಕೆ ಇನ್ನೆರಡು ದಿನವಿದ್ದಾಗ, ಕಾಂಗ್ರೆಸ್ ನಾಯಕ ಸ್ಯಾಮ್ ಪಿತ್ರೋಡಾ ಅವರು ಅಮೆರಿಕದ ಪಿತ್ರಾರ್ಜಿತ ತೆರಿಗೆಯ ಬಗ್ಗೆ ಆಡಿದ ಮಾತಿನಿಂದ ಫೋಲ್ಡರ್ ತುಂಬಿ ತುಳುಕಿ, ಕೆಲವೇ ದಿನಗಳಲ್ಲಿ ಬರಿದಾಯಿತು. ನೂರು ದಶಲಕ್ಷ ಯೂರೋ ಮೀರಿದ ಸಂಪತ್ತಿಗೆ ಕನಿಷ್ಠ ಶೇ 2ರಷ್ಟು ತೆರಿಗೆ ವಿಧಿಸುವ ಮಸೂದೆಯನ್ನು ಫ್ರಾನ್ಸಿನ ಕೆಳಮನೆ 2025ರ ಫೆಬ್ರುವರಿಯಲ್ಲಿ ಒಪ್ಪಿ, ಜೂನ್‌ನಲ್ಲಿ ಸೆನೆಟ್ ತಳ್ಳಿಹಾಕಿದ ಸುದ್ದಿಯಾದರೋ ತಿಂಗಳುಗಳ ಅಂತರದಲ್ಲಿ ಒಂದೆರಡು ಸಾಲಾಗಿ ಬಂದಿತ್ತು. ಫೋನಿನ ಸೂಚನೆಗಳನ್ನೇ ನಂಬಿದ್ದರೆ ಅದು ಕಣ್ಣಿಗೆ ಬೀಳುತ್ತಿರಲಿಲ್ಲ.

ಅದೇ ಫೋಲ್ಡರಿಗೆ ನಮ್ಮ ಹಳೆಯ ಕಾನೂನಿನ ಕುರಿತ ಲೇಖನಗಳನ್ನೂ ಸೇರಿಸಿದ್ದೇನೆ. 1957ರ ಸಂಪತ್ತು ತೆರಿಗೆ ಕಾಯ್ದೆಯಿಂದ 1993ರಲ್ಲಿ ಷೇರುಗಳನ್ನು ಹೊರಗಿಟ್ಟು, ಹೆಚ್ಚುವರಿ ಮನೆ, ಕಾರು, ಒಡವೆ, ಖಾಲಿ ನಿವೇಶನಗಳಂಥವನ್ನಷ್ಟೇ ಉಳಿಸಿಕೊಂಡರು. 30 ಲಕ್ಷ ಮೀರಿದ್ದಕ್ಕೆ ಶೇ 1ರ ದರದಲ್ಲಿ 2013–14ರಲ್ಲಿ ಇಡೀ ದೇಶದಿಂದ ಬಂದದ್ದು ಸುಮಾರು 1,008 ಕೋಟಿ ರೂಪಾಯಿ. 2015ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಅದನ್ನು ಕೈಬಿಟ್ಟು, ಕೋಟಿ ಮೀರಿದ ಆದಾಯದವರ ಮೇಲೆ ಶೇ 2ರ ಹೆಚ್ಚುವರಿ ಸರ್ಚಾರ್ಜ್ ಹಾಕಿದರು. ದೊಡ್ಡ ಸಂಪತ್ತು ಷೇರುಗಳಲ್ಲೇ ಇರುವಾಗ ಅವನ್ನು ಬಿಟ್ಟು ಒಡವೆಯ ಕಪಾಟು ತೆರೆಸಲು ಹೊರಟದ್ದೇ ಆ ತೆರಿಗೆ ಸೊರಗಲು ಕಾರಣ ಎಂಬುದು ನನ್ನ ಅಭಿಪ್ರಾಯ. ಮತ್ತೆ ತರುವುದಾದರೆ ಷೇರುಗಳನ್ನಿಡುವ ಡಿಮ್ಯಾಟ್ ಖಾತೆಗಳಿಂದ, ಬಹಳ ಎತ್ತರದ ಮಿತಿಯಿಂದ ಆರಂಭಿಸಲಿ. ಷೇರುಪೇಟೆಗೆ ಬಾರದ ಕುಟುಂಬ ಕಂಪನಿಗಳ ಬೆಲೆ ಕಟ್ಟುವವರು ಯಾರು ಎಂದು ಸರ್ವರ್ ಬಳಸುವ ಲೆಕ್ಕಪರಿಶೋಧಕ ಮಿತ್ರರೊಬ್ಬರು ಕೇಳುತ್ತಾರೆ. ಆ ಪ್ರಶ್ನೆಗೆ ತೃಪ್ತಿಕರ ಉತ್ತರ ಇನ್ನೂ ಫೋಲ್ಡರಿಗೆ ಬಂದಿಲ್ಲ. ‘ಮೌಲ್ಯಮಾಪನ’ಕ್ಕೂ ಒಂದು ಫಿಲ್ಟರ್ ಹಾಕಿಟ್ಟಿದ್ದೇನೆ.